ಬಾಳುವಿನ ಕೈಯಲ್ಲಿ ಇದ್ದದ್ದು

ನಗು ಬರುವುದಿದ್ದರೆ ಬಸ್ಸು ಏರುವ ಮೊದಲೇ ಬಂದು ಹೋಗಲಿ ಎಂದು ಮಲಕಾರಿ ಐಗಳಿ ಊರಿನ ಬಸ್ ಸ್ಟ್ಯಾಂಡಿನ ಹಿಂದೆ ಬೇವಿನ ಮರದ ಬುಡದಲ್ಲಿ ನಿಂತು ಒಂದೆರಡು ಸಲ ಸುಮ್ಮನೆ ನಕ್ಕು ನೋಡಿದ. ಬರಲಿಲ್ಲ. ಅವನ ನಗುವಿನ ಹಣೆಬರಹವೇ ಅದು. ಕರೆದಾಗ ಬರುವುದಿಲ್ಲ, ಬಂದಾಗ ತಡೆಯುವುದಿಲ್ಲ. ಅಂಗಾಲಿನಲ್ಲಿ ಹುಟ್ಟಿ, ಮೊಣಕಾಲ ಹಿಂದೆ ಕಚಗುಳಿಯಿಟ್ಟು, ಹೊಟ್ಟೆಯಲ್ಲಿ ಒಂದು ಸುತ್ತು ಹಾಕಿ, ಎಲ್ಲಿ ಬಾಯಿ ತೆರೆಯಬಾರದೋ ಸರಿಯಾಗಿ ಅಲ್ಲಿ ಬಾಯಿಗೆ ಬಂದು ನಿಲ್ಲುತ್ತದೆ. ಹೋದ ಆಗಸ್ಟಿನಲ್ಲಿ ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯ ಗೇಟಿನ ಮುಂದೆ, ಅವನು ಮಾಜಿ ಸೈನಿಕನೆಂಬ ಲೆಕ್ಕದಲ್ಲಿ ವಾಚಮನ್ ಆಗಿ ನಿಲ್ಲುವ ಅದೇ ಗೇಟಿನ ಮುಂದೆ, ಹುತಾತ್ಮರಿಗಾಗಿ ಎರಡು ನಿಮಿಷ ಮೌನ ಆಚರಿಸಿದಾಗ ಒಂದು ನಿಮಿಷ ಹತ್ತನೆಯ ಸೆಕೆಂಡಿಗೆ ಅದು ಬಂದಿತ್ತು. ದೊಡ್ಡ ಸಾಹೇಬರು ಕಣ್ಣು ಮುಚ್ಚಿಕೊಂಡೇ ಕತ್ತು ತಿರುಗಿಸಿದ್ದರು. ಮಲಕಾರಿ ನಗುವನ್ನು ಕೆಮ್ಮು ಮಾಡಿ, ಕೆಮ್ಮನ್ನು ಸೀನು ಮಾಡಿ, ಸೀನನ್ನು ಸೆಲ್ಯೂಟು ಮಾಡಿ ಪಾರಾಗಿದ್ದ. ಆಮೇಲೆ ಟೈಂಕೀಪರ್ ಬಂದು ಭುಜ ತಟ್ಟಿ, ‘ನಿನ್ನ ದುಃಖ ನಮಗ ತಿಳೀತೈತಿ’ ಎಂದಾಗ ಮತ್ತೊಂದು ಸುತ್ತು ಎದ್ದು ಬರುತ್ತಿದ್ದದ್ದನ್ನು ಬೆಲ್ಟಿನ ಬಕಲು ಒತ್ತಿ ಹಿಡಿದು ಒಳಗೇ ಕೂರಿಸಿದ್ದ. ಇವತ್ತು ಹಾಗಾಗಬಾರದು. ಇವತ್ತು ಅಥಣಿಯ ಅಕ್ಕಸಾಲಿಗ ಪತ್ತಾರನ ಅಂಗಡಿಯಲ್ಲಿ, ಸತ್ತ ಗೆಳೆಯ ಬಾಳುವಿನ ತಾಯಿಯ ಎದುರಿಗೆ, ಒಂದೇ ಒಂದು ಮಾತು ಹೇಳಿ ಬರಬೇಕು. ಮೂರಕ್ಷರದ ಮಾತು. ಬಂದೂಕು. ಸತ್ತಾಗ ಬಾಳುವಿನ ಕೈಯಲ್ಲಿ ಏನಿತ್ತು? ಬಂದೂಕು. ಮುಗಿಯಿತು. ಊಟ ಮಾಡಿ ಎರಡೂವರೆಯ ಬಸ್ಸು ಹಿಡಿಯಬಹುದು.

‘ಏ ಮಲಕಾರಿ, ಒಬ್ಬನ ನಿಂತು ಯಾರ ಜೋಡಿ ಹಲ್ಲ ಕಿಸಿಯಾಕತ್ತೀಯೋ?’ ಬಾಳುವಿನ ತಾಯಿ ಸತ್ತೆವ್ವ ಬಂದಳು. ಸೆರಗಿನ ಗಂಟನ್ನು ಎಡಗೈಯಲ್ಲಿ ಭದ್ರವಾಗಿ ಹಿಡಿದಿದ್ದಳು. ಹಿಂದೆ ಅವಳ ಕಿರಿಯ ಮಗ ಅಣ್ಣಾಸಾಬ, ಹೊಸ ಟೊಪ್ಪಿಗೆ, ಹಳೆ ಸಿಟ್ಟು.

‘ಬೇವಿನ ಗಿಡದ ಜೋಡಿ ಬೇ. ಕಹಿ ಮಾರಿ ಮಾಡ್ಕೊಂಡ ನಿಂತಿತ್ತು, ಚೂರು ನಗಸೋಣು ಅಂತ.’

‘ಗಿಡಾ ನಗಸೂದು ಸಾಕೋ ಮಾರಾಯಾ,’ ಅಣ್ಣಾಸಾಬ ಗುರುಗುಟ್ಟಿದ. ‘ಇವತ್ತ ಆ ಪತ್ತಾರನ ಮುಂದ ಸರಳ ಹೇಳು. ಅಣ್ಣ ಕುದರಿ ಇಳಿಯೂತನಕ ತಮ್ಮ ಮದಿವಿ ಕುದರಿ ಏರಾಂಗಿಲ್ಲ ಅಂತ ಅವ್ವ ಹಟಾ ಹಿಡದ ಕುಂತಾಳ. ಹೆಣ್ಣಿನಾವ್ರು ಕಾಗವಾಡದಿಂದ ಎರಡ ಸಲ ಹೇಳಿ ಕಳಸ್ಯಾರ. ಮೂರನೇ ಸಲ ಅವರು ಮಂದೀನ ಕಳಸಾಂಗಿಲ್ಲ, ಹೆಣ್ಣನ್ನ ಬ್ಯಾರೆ ಕಡೆ ಕಳಸ್ತಾರ.’

ಅಣ್ಣ ಏರಿದ್ದ ಕುದುರೆ ಬೆಳ್ಳಿಯದು. ಆ ಮನೆತನದಲ್ಲಿ ಯಾರಾದರೂ ಸತ್ತರೆ ಎರಡು ಬೆರಳಗಲದ ಬೆಳ್ಳಿ ತಗಡಿನ ಮೇಲೆ ಅವರ ಆಕಾರ ಉಬ್ಬಿಸಿ, ಅದಕ್ಕೆ ಟಾಕು ಎಂದು ಹೆಸರಿಟ್ಟು, ದೇವರ ಜಗಲಿಯ ಮೇಲೆ ಕೂರಿಸುತ್ತಾರೆ. ಬಹಳ ಮನೆಗಳಲ್ಲಿ ಇಷ್ಟೇ. ಇವರದರಲ್ಲಿ ಮಾತ್ರ ಒಂದು ಹೆಚ್ಚಿನ ರಿವಾಜು: ಜೀವ ಹೋಗುವಾಗ ಕೈಯಲ್ಲಿ ಏನಿತ್ತೋ ಅದನ್ನೇ ಟಾಕಿನ ಕೈಯಲ್ಲೂ ಕೊಡಬೇಕು. ತಪ್ಪಿದರೆ ಸತ್ತವರು ಅದನ್ನು ಹುಡುಕಿಕೊಂಡು ಅಡ್ಡಾಡುತ್ತಾರೆ, ಜಗಲಿಯ ಮೇಲೆ ನಿಲ್ಲುವುದಿಲ್ಲ. ಮುತ್ತಜ್ಜನ ಕೈಯಲ್ಲಿ ಉಣ್ಣೆಯ ಕತ್ತರಿಯಿದೆ. ಬಾವಿಗೆ ಬಿದ್ದ ದೊಡ್ಡವ್ವನ ಕೈಯಲ್ಲಿ ಹಗ್ಗ. ಒಬ್ಬ ಚಿಕ್ಕಜ್ಜನ ಕೈಯಲ್ಲಿ ಅರ್ಧ ರೊಟ್ಟಿ. ಉಳಿದರ್ಧ ಎಲ್ಲಿಗೆ ಹೋಯಿತೆಂದು ಮಲಕಾರಿ ಮತ್ತು ಬಾಳು ಹುಡುಗರಾಗಿದ್ದಾಗ ಆ ಜಗಲಿಯ ಮುಂದೆ ಕೂತು ಪಿಸುಪಿಸು ವಾದ ಹೂಡಿ ಪೆಟ್ಟು ತಿಂದಿದ್ದರು. ಬಾಳು ಲಂಕೆಯಲ್ಲಿ ಸತ್ತು ಮೂರು ವರ್ಷಕ್ಕೆ, ತೊಂಬತ್ತರಲ್ಲಿ ಮಲಕಾರಿ ರಜೆಯ ಮೇಲೆ ಬಂದಾಗ, ಕೇಳಿದ್ದರು. ಅವನು ಬಂದೂಕು ಅಂದಿದ್ದ. ಪತ್ತಾರನ ಹತ್ತಿರ ಬಂದೂಕಿನ ಅಚ್ಚು ಇರಲಿಲ್ಲ. ಆಯುಧ ಅಂದರೆ ಆಯುಧ ಎಂದು ಅವನು ಕುದುರೆ ಏರಿ ಕತ್ತಿ ಹಿಡಿದ ಸವಾರನ ಅಚ್ಚಿನ ಮೇಲೆ ಬೆಳ್ಳಿ ಕುಟ್ಟಿ ಕೊಟ್ಟುಬಿಟ್ಟಿದ್ದ. ಅಂದಿನಿಂದ ಸತ್ತೆವ್ವನ ಕನಸಿನಲ್ಲಿ ಬಾಳು ಕುದುರೆಯ ಮೇಲೇ ಬರುತ್ತಿದ್ದಾನೆ. ಆರು ವರ್ಷದಿಂದ.

‘ಮತ್ತ ನಿನ್ನೆ ಬಂದಿದ್ದಾ ನೋಡು,’ ಬಸ್ಸಿನ ಸೀಟಿನಲ್ಲಿ ಕೂರುತ್ತಲೇ ಸತ್ತೆವ್ವ ಶುರು ಮಾಡಿದಳು. ‘ಎರಡೂ ಕೈಲೆ ಕುದರೀ ಜೂಲ ಹಿಡದಾನ. ಕತ್ತಿ ಹಿಡಿಯಾಕ ಕೈ ಎಲ್ಲಿ ಐತಿ? ಹಲ್ಲಾಗ ಕಚ್ಯಾನ. ಕಚ್ಕೊಂಡ ಅಂತಾನ...’ ಅವಳು ಹಲ್ಲು ಕಚ್ಚಿ, ತುಟಿ ಅಗಲಿಸಿ, ಗಂಟಲಿನಿಂದ ಮಗನನ್ನು ತೆಗೆದಳು: ‘ಯವ್ವಾ, ಇಳಸ! ಯವ್ವಾ, ಇಳಸ!’ ಮುಂದಿನ ಸೀಟಿನವರು ತಿರುಗಿ ನೋಡಿ ನಕ್ಕರು. ಸತ್ತೆವ್ವನೂ ನಕ್ಕಳು. ‘ಅವಗ ಮೊದಲ ಕುದರಿ ಅಂದ್ರ ಅಂಜಿಕಿ. ಅಥಣ್ಯಾಗ ಟಾಂಗಾದ ಕುದರಿ ಅವನ ಟೊಪ್ಪಿಗಿ ತಿಂದಿತ್ತು.’

ಸತ್ತೆವ್ವ ಬದುಕಿದ್ದಾಳೆ, ಬಾಳು ಸತ್ತಿದ್ದಾನೆ. ಸಾಲೆಯ ದಿನಗಳಿಂದ ಮಲಕಾರಿ ಈ ತಾಯಿ ಮಗನ ಹೆಸರು ಹಿಡಿದು ಚೆಂಡಾಡಿದ್ದೇ ಆಡಿದ್ದು. ನಿಮ್ಮವ್ವ ದಿನಾ ಸತ್ತೆ ಸತ್ತೆ ಅಂತಾಳ, ನೀ ಮಾತ್ರ ಬಾಳು ಬಾಳು ಅಂತೀ ಅಂದರೆ ಬಾಳು ಹೊಟ್ಟೆ ಹಿಡಿದುಕೊಂಡು ಕುರಿಗಳ ನಡುವೆ ಉರುಳುತ್ತಿದ್ದ. ಈಗ ಆ ಚೇಷ್ಟೆ ಯಾರೂ ಮುಟ್ಟದೆ ತಾನೇ ತನ್ನ ತುದಿ ಮುಟ್ಟಿ ನಿಂತಿದೆ. ಆಡಿದ ಬಾಯಿಗೆ ಅದನ್ನು ನುಂಗಲೂ ಆಗದು, ಉಗುಳಲೂ ಆಗದು. ಬಸ್ಸು ದ್ರಾಕ್ಷಿಯ ಹಂದರಗಳನ್ನು ದಾಟಿ ಕಬ್ಬಿನ ನಡುವೆ ನುಗ್ಗಿತು. ಕಿಟಕಿಯ ಗಾಳಿ ಮಲಕಾರಿಯ ಅಂಗಿಯೊಳಗೆ ಹೊಕ್ಕು ಅವನನ್ನು ಕೊಡದ ಹಾಗೆ ಉಬ್ಬಿಸಿತು. ಎಷ್ಟು ಹಗುರ! ಮೂವತ್ತೈದು ವರ್ಷದ ಗಂಡಸಿನ ಒಳಗೆ ಇಷ್ಟೊಂದು ಗಾಳಿಗೆ ಜಾಗ ಇರಬಾರದು. ಅವನಿಗೇ ತಿಳಿಯುವ ಮೊದಲು ಕಂಡಕ್ಟರ್ ತವನಪ್ಪನ ಮೂಗಿನ ದನಿ ಅವನ ಬಾಯಿಂದ ಹೊರಟಿತ್ತು: ‘ಹೋಲ್ಡಾಆನ್!’ ಡ್ರೈವರ್ ಗಕ್ಕನೆ ಬ್ರೇಕು ಒತ್ತಿದ. ಬುಟ್ಟಿಯೊಳಗಿನ ಕೋಳಿಗಳು ಮುಂದಿನ ಸೀಟಿಗೆ ಹೋದವು, ಮುಂದಿನ ಸೀಟಿನವರು ಡ್ರೈವರನ ಬೆನ್ನಿಗೆ ಹೋದರು.

‘ಯಾರ ಇಳ್ಯಾವ್ರು?’ ಎಂದ ಡ್ರೈವರ್.

‘ನಾ ಅಂದಿಲ್ಲಪ್ಪಾ,’ ಎಂದ ತವನಪ್ಪ, ಹಿಂದಿನ ಬಾಗಿಲಲ್ಲಿ ನಿಂತು. ಆಮೇಲೆ ಮಲಕಾರಿಯನ್ನು ಕಂಡ. ‘ಏ ಲಂಕಾದ ಮಂಗ್ಯಾ! ನೀ ಬಸ್ಸಿನ್ಯಾಗ ಇದ್ದೀ ಅಂದ್ರ ಹತ್ತೂ ಮುಂದ ಹೇಳಬಾರದ? ನಾ ಇವತ್ತ ಬಾಯಿಗಿ ರಜಾ ಹಾಕ್ತಿದ್ನೆಲ್ಲೋ.’

ಬಸ್ಸಿಗೆ ಬಸ್ಸೇ ನಕ್ಕಿತು. ಫೌಜಿ, ಹೆಲಿಕಾಪ್ಟರ್ ಇಳಸು! ಫೌಜಿ, ನಿಮ್ಮ ಮೇಜರ ಸಾಹೇಬ್ರು ಬೈಯೂದ ಮಾಡು! ಮಲಕಾರಿ ಮಾಡಿದ. ತುಟಿ ನಡುಗಿಸಿ ಹೆಲಿಕಾಪ್ಟರ್ ಇಳಿಸಿದ, ಅದರಿಂದ ಮೇಜರನನ್ನು ಇಳಿಸಿದ, ಮೇಜರನಿಂದ ಇಂಗ್ಲಿಷು ಇಳಿಸಿದ. ಎಳನೀರು ಮಾರುವ ತಮಿಳು ಮುದುಕಿಯೊಡನೆ ನಿಪ್ಪಾಣಿಯ ಹವಾಲ್ದಾರ ಮರಾಠಿಯಲ್ಲಿ ಚೌಕಾಸಿ ಮಾಡುವುದನ್ನು ಎರಡೂ ಕಡೆಯಿಂದ ಮಾಡಿದ. ಮೆಷಿನ್‌ಗನ್ನು ಮಾಡಿದ, ಅದರ ನಡುವೆ ಅಂಜದೆ ಮೇಯುವ ಮೇಕೆಯನ್ನು ಮಾಡಿದ. ಎಲ್ಲರಿಗಿಂತ ಜೋರಾಗಿ ನಕ್ಕವಳು ಸತ್ತೆವ್ವ. ಕಣ್ಣೊರೆಸಿಕೊಂಡು, ‘ನಮ್ಮ ಬಾಳ್ಯಾನೂ ಇದನ್ನೆಲ್ಲಾ ಕೇಳಿ ನಗತಿದ್ದನೋ ಇಲ್ಲೋ?’ ಎಂದು ಕೇಳಿದಳು. ನಗತಿದ್ದ ಬೇ, ಎಂದ ಮಲಕಾರಿ. ಬಾಯಲ್ಲಿ ಇಪ್ಪತ್ತೆರಡು ಮಂದಿ ಇದ್ದಾರೆ ಎಂದು ಅವನೇ ಒಮ್ಮೆ ಎಣಿಸಿದ್ದ. ಒಬ್ಬನನ್ನು ಮಾತ್ರ ಯಾರು ಎಷ್ಟು ಕೇಳಿದರೂ ಹೊರಗೆ ಬಿಟ್ಟಿರಲಿಲ್ಲ, ಒಂಬತ್ತು ವರ್ಷದಿಂದ. ಆ ಒಬ್ಬ, ಅವನ ಪ್ಲಟೂನಿನ ಸುಭೇದಾರ.

ಎಣಿಸುತ್ತ ಹೋದರೆ ಬಾಳುವನ್ನು ಪಲ್ಟಣಕ್ಕೆ ಸೇರಿಸಿದ್ದೂ ಈ ಬಾಯಿಯೇ. ಎಂಬತ್ತರಲ್ಲಿ ಬೆಳಗಾವಿಯ ಭರ್ತಿ, ಸಾಲಿನಲ್ಲಿ ಚಡ್ಡಿಯ ಮೇಲೆ ನಿಂತ ನಾನ್ನೂರು ಹುಡುಗರು, ಎದೆಗೆ ಟೇಪು ಹಿಡಿದ ನಾಯಕ. ಬಾಳುವಿನ ಎದೆ ಅರ್ಧ ಇಂಚು ಕಮ್ಮಿ ಬಿತ್ತು. ಫುಲಾವ್ ಎಂದ ನಾಯಕ. ಉಬ್ಬಿಸಿದ, ಆದರೂ ಅರ್ಧ ಇಂಚು. ಹಿಂದೆ ನಿಂತಿದ್ದ ಮಲಕಾರಿ ಮೆಲ್ಲಗೆ, ಊರಿನ ಕುಂಟ ಟಗರು ಕೆಮ್ಮುವ ಹಾಗೆ ಕೆಮ್ಮಿದ. ನಗು ತಡೆಯಲು ಬಾಳು ಉಸಿರು ಎಳೆದುಕೊಂಡ ನೋಡಿ, ಎದೆ ಹಿಗ್ಗಿ ಟೇಪು ದಾಟಿತು. ಶಾಬಾಸ್, ಎಂದ ನಾಯಕ. ಹೀಗೆ ಹಿಗ್ಗಿದ ಎದೆ. ಎಂಬತ್ತೇಳರ ದೀಪಾವಳಿಯ ಹೊತ್ತಿಗೆ ಮದ್ರಾಸಿನಿಂದ ವಿಮಾನ ಏರುವಾಗ ಕೊಗನೊಳ್ಳಿಯ ಒಬ್ಬ ಜವಾನ, ಲಂಕಾಕ್ಕ ಹೊಂಟೀರಿ, ಬಾಲಾ ಎಲ್ಲಿ ಇಟ್ಟೀರಿ ಅಂದಿದ್ದ; ಮಲಕಾರಿ ತಿರುಗಿ ಬಾಳುವಿನ ಬೆಲ್ಟಿಗೆ ಹಗ್ಗ ಕಟ್ಟಿಬಿಟ್ಟಿದ್ದ, ಅದು ಪಲಾಲಿಯ ರನ್‌ವೇ ತನಕ ಅವನ ಹಿಂದೆ ಹರಿದುಕೊಂಡು ಬಂತು. ಬಾಳು ಮೇಲಿನಿಂದ ಸಮುದ್ರ ನೋಡಿ, ಯಪ್ಪಾ ಎಷ್ಟ ಕುರಿ, ಕಾಯಾಂವ ಒಬ್ಬಾನೂ ಇಲ್ಲಲ್ಲೋ ಎಂದು ಗಾಬರಿಯಾಗಿದ್ದ. ನಾವು ಶಾಂತಿಸೇನೆ ಎಂದು ಹೇಳಿ ಕಳಿಸಿದ್ದರು. ಮೊದಮೊದಲು ಹೋದವರಿಗೆ ಅಲ್ಲಿಯ ಹೆಂಗಸರು ಹಾರ ಹಾಕಿದ್ದರಂತೆ. ಇವರು ಇಳಿಯುವ ಹೊತ್ತಿಗೆ ಶಾಂತಿ ತವರಿಗೆ ಹೋಗಿಬಿಟ್ಟಿದ್ದಳು, ಸೇನೆ ಮಾತ್ರ ಉಳಿದಿತ್ತು.

ತಾಳೆಮರದ ತೋಪು. ತೋಪಿನ ಅಂಚಿಗೆ ಒಂದು ಒಣಗಿದ ಕಾಲುವೆ. ಅದರಲ್ಲಿ ನಸುಕಿನಿಂದ ಹೊಟ್ಟೆಯ ಮೇಲೆ ಮಲಗಿದ್ದ ಹದಿನೆಂಟು ಜನ. ಎದುರಿಗೆ ಯಾವ ಮರದ ಹಿಂದೆಯೋ ಬಂದೂಕು ಗುರಿಯಿಟ್ಟು ಕೂತ ಒಬ್ಬ. ನಾ ಹೇಳುವ ತನಕ ಯಾರ ತಲೆಯೂ ಮೇಲೆ ಬರಬಾರದು ಎಂದಿದ್ದ ಸುಭೇದಾರ. ಸಾತಾರೆಯವನು. ಖಾಲಿ ಹಂಡೆ ಕಲ್ಲುದಾರಿಯಲ್ಲಿ ಉರುಳಿದ ಹಾಗೆ ಅವನ ದನಿ. ಅದು ಕಿವಿಗೆ ಬೀಳುತ್ತಿರಲಿಲ್ಲ, ಮೊಣಕಾಲಿಗೆ ಬೀಳುತ್ತಿತ್ತು. ಒಂದು ತಾಸು ಒಂದೂ ಗುಂಡಿಲ್ಲ. ಇರುವೆಯೊಂದು ಮಲಕಾರಿಯ ಕೈಗಡಿಯಾರದ ಮೇಲೆ ಒಂಬತ್ತರಿಂದ ಮೂರಕ್ಕೆ ನಡೆದು ಹೋಯಿತು. ಬಿಸಿಲು. ಮೂಗಿನ ತುದಿಯಲ್ಲಿ ತಾಳೆಯ ಕೊಳೆತ ಹಣ್ಣಿನ ವಾಸನೆ. ಮೂರು ಮೊಳದ ಆಚೆ ಬಾಳು, ಸೊಂಟಕ್ಕೆ ತೂಗುಬಿದ್ದ ಬಿಳಿ ಎನಾಮೆಲ್ ಮಗ್ಗನ್ನು ಮೆಲ್ಲಗೆ ಬಿಚ್ಚಿ, ಖಾಲಿ ಮಗ್ಗಿನೊಳಗೆ ಬಾಯಿ ಇಟ್ಟು ಚಹಾ ಕುಡಿದಂತೆ ಸುರ್ ಎಂದು ಸದ್ದು ಮಾಡಿ, ಮಲಕಾರಿಯ ಕಡೆ ನೋಡಿ ಹುಬ್ಬು ಕುಣಿಸಿದ. ಆಗ ಅಂಗಾಲಿನಲ್ಲಿ ಅದು ಹುಟ್ಟಿತು. ಯಾಕೆ ಎಂದು ಮಲಕಾರಿ ತನ್ನನ್ನು ಎಷ್ಟು ಸಲ ಕೇಳಿಕೊಂಡಿದ್ದಾನೆ. ಉತ್ತರ ಇಷ್ಟೇ, ಚಂದ ಅನಿಸಿತು. ಚಹಾ ಬಂತು, ಮಗ್ಗು ಎತ್ತಿರಿ ಎಂದು ಸುಭೇದಾರ ದಿನಾ ಬೆಳಿಗ್ಗೆ ಮರಾಠಿಯಲ್ಲಿ ಕೂಗುವ ಕೂಗು ಅವನ ಗಂಟಲಿಗೆ ಬಂದು ಕೂತಿತು, ಹೊರಟಿತು. ಬಾಳು ಎದ್ದ. ಮಗ್ಗು ಮುಂದೆ ಚಾಚಿ, ಪಂಗ್ತಿಯಲ್ಲಿ ನಿಲ್ಲುವವನ ಹಾಗೆ ನೆಟ್ಟಗೆ ಎದ್ದ. ಅವನ ಮುಖದ ಮೇಲೆ ಅರ್ಧ ನಗು ಇತ್ತು. ಅದು ಚಹಾ ಬಂತೆಂಬ ನಗುವೋ, ಇದು ಮಲಕಾರಿಯ ದನಿ ಎಂದು ಗೊತ್ತಾಗಿ, ನೀ ಕೂಗಿದರ ನಾ ಏಳೂದ ಎಂದು ಚೇಷ್ಟೆಗೆ ಚೇಷ್ಟೆ ಕೂಡಿಸಿದ ನಗುವೋ. ಗುಂಡು ಬಂದು ಅದನ್ನು ಇನ್ನರ್ಧ ಮಾಡಗೊಡಲಿಲ್ಲ.

ಆಮೇಲೆ ಸುಭೇದಾರ ಕಾಲುವೆಯ ಉದ್ದಕ್ಕೂ ತೆವಳುತ್ತ ಬಂದು, ಒಬ್ಬೊಬ್ಬರ ಮುಖ ನೋಡುತ್ತ ಕೇಳಿದ: ‘ಕೋಣ್ ಬೋಲ್ಲಾ? ಕೋಣ್ ಬೋಲ್ಲಾ ರೇ?’ ಯಾರು ಮಾತಾಡಿದ್ದು ಎಂದು. ಆ ಹೊತ್ತಿನಲ್ಲೂ, ಬಾಳುವಿನ ರಕ್ತ ಮೊಣಕೈಗೆ ಬೆಚ್ಚಗೆ ತಾಗುತ್ತಿದ್ದಾಗಲೂ, ಮಲಕಾರಿಯ ಕಿವಿಗೆ ಕನ್ನಡದ ಕೋಣ ಕೇಳಿಸಿತು. ಕೋಣ ಮಾತಾಡಿತು ಎಂದು ಒಳಗಿಂದ ಯಾರೋ ಹೇಳಿದರು. ಅವನು ಬಾಯಿಗೆ ಮಣ್ಣು ತುಂಬಿಕೊಂಡು ನಗುವನ್ನು ತಡೆದ. ಬಾಯಿ ತೆರೆಯದವನನ್ನು ಸುಭೇದಾರ ದುಃಖಿತನೆಂದು ಬಿಟ್ಟು ಮುಂದೆ ಹೋದ. ಶತ್ರುವಿನ ಗುಂಡಿಗೆ ಎದೆಯೊಡ್ಡಿ ಹುತಾತ್ಮನಾದ ಎಂದು ಮನೆಗೆ ಕಾಗದ ಬರೆದರು. ಅರ್ಧ ಇಂಚು ಹೆಚ್ಚಾಗಿದ್ದ ಎದೆ. ದೇಹ ಅಲ್ಲಿಯೇ ಸುಟ್ಟು, ಬೂದಿ ಊರಿಗೆ ಬಂತು.

‘ಇಳಿಯೋ, ಅಥಣಿ ಬಂತು. ಏನ ಕಣ್ಣ ತಗದ ನಿದ್ದಿ ಮಾಡ್ತೀ?’ ಎಂದ ಅಣ್ಣಾಸಾಬ.

ಜ್ಞಾನದೇವ ಪತ್ತಾರನ ಅಂಗಡಿ ಹಳೇ ಊರಿನ ಗಾಂವಠಾಣದ ಓಣಿಯಲ್ಲಿ, ಒಂದು ಹೆಜ್ಜೆ ಎತ್ತರದ ಕಟ್ಟೆಯ ಮೇಲೆ. ಚಾಪೆ, ಕೆಂಡದ ಕುಂಪಟೆ, ಗೋಡೆಗೆ ಹೊಂದಿಸಿಟ್ಟ ಕಂಚಿನ ಅಚ್ಚುಗಳು. ಪತ್ತಾರ ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನು ತೆಗೆಯದೆಯೇ ತಲೆಯೆತ್ತಿ ಮೂವರನ್ನೂ ದೊಡ್ಡದು ಮಾಡಿ ನೋಡಿ, ‘ಯಾ, ಯಾ, ಬಸಾ! ಬರ್ರಿ ಸತ್ತೆವ್ವಾರ. ಸವಾರನ ಕರಕೊಂಡ ಬಂದೀರೇನು?’ ಅಂದ. ಸತ್ತೆವ್ವ ಮಂಡಿ ಹಿಡಿದು ಚಾಪೆಯ ಮೇಲೆ ಕೂತು ಸೆರಗಿನ ಗಂಟು ಬಿಚ್ಚಿದಳು. ಅರಿಷಿಣ ಹತ್ತಿದ ಬಟ್ಟೆಯೊಳಗೆ ಬಾಳು, ಕುದುರೆ, ಕತ್ತಿ. ಆರು ವರ್ಷ ಹುಣಸೆಹಣ್ಣು ತಿಕ್ಕಿ ತಿಕ್ಕಿ ಅವನ ಮೂಗು ಸವೆದಿತ್ತು. ಕುದುರೆಯದು ಹಾಗೇ ಇತ್ತು. ಅಣ್ಣಾಸಾಬ ಗೋಡೆಗೆ ಒರಗಿದ. ಮಲಕಾರಿ ಕಟ್ಟೆಯ ತುದಿಗೆ ನಿಂತ.

‘ಕುದರಿ ಬ್ಯಾಡಂದ್ರ ಹುಲಿ ಐತ್ರಿ,’ ಎಂದು ಪತ್ತಾರ ಅಚ್ಚು ಒಂದೊಂದೇ ತೆಗೆದು ತೋರಿಸಿದ. ‘ನವಿಲ ಐತಿ. ನಂದಿ ಐತಿ, ಬಾಳ ಸೌಮ್ಯ.’

‘ಕುದರಿ ಮ್ಯಾಲಿಂದ ಇಳ್ಯಾಕ ಆರ ವರ್ಷ ಬೇಕಾತು,’ ಎಂದಳು ಸತ್ತೆವ್ವ. ‘ಹುಲಿ ಮ್ಯಾಲ ಕುಂದರಸಿದ್ರ ಇಳದ ಮ್ಯಾಲ ಅದು ಬಿಡತೈತೇನು?’

‘ಹಂಗಾರ ನಿಂತ ಮನಶ್ಯಾ. ಇದ ನೋಡ್ರಿ. ಮಾರಿ, ಮೈ, ಕಾಲು ಇದರಾಗ ಬರ್ತಾವು. ಬಲಗೈ ಮಾತ್ರ ಬಯಲ ಬಿಟ್ಟೀನಿ, ಕೈಲೆ ಕೆತ್ತಬೇಕು. ಏನಿತ್ತು ಹೇಳ್ರಿ, ಈಗ ಕೆತ್ತಿ ಕೊಡ್ತೀನಿ. ಹಿಂದಕ ನನ್ನದೂ ತಪ್ಪಾತು, ಬಂದೂಕ ಅಂದಿದ್ರಿ, ಹಂಗ ಮಾಡಬೇಕಿತ್ತು. ಬಂದೂಕಲ್ಲರಿ?’

‘ಹೇಳೋ,’ ಎಂದ ಅಣ್ಣಾಸಾಬ. ‘ಅಂದು ಬಿಡು, ಊಟಕ್ಕ ಹೋಗೂನು.’

ಮೂರಕ್ಷರ. ಮಲಕಾರಿ ಬಾಯಿ ತೆರೆದ. ಪತ್ತಾರನ ಗಾಜಿನ ಹಿಂದಿನ ಆ ಒಂದು ಕಣ್ಣು ಬದನೆಕಾಯಿಯಷ್ಟಾಗಿ ಅವನನ್ನೇ ನೋಡುತ್ತಿತ್ತು. ಬಂದೂಕು ಅನ್ನು. ಬಂದೂಕು ಕಾಲುವೆಯ ದಂಡೆಗೆ ಒರಗಿತ್ತು, ಅದು ಕೈಯಲ್ಲಿ ಇರಲಿಲ್ಲ. ಅಂದರೆ ಅಂದ ಹಾಗೆ. ಇನ್ನಾರು ವರ್ಷಕ್ಕೆ ಮುದುಕಿಯ ಕನಸಿನಲ್ಲಿ ಬಾಳು ಬಂದೂಕು ಹಿಡಿದು ಬರುತ್ತಾನೆ, ಯವ್ವಾ ಇದು ನಂದಲ್ಲ, ಇದನ್ನ ತಗೋ ಅನ್ನುತ್ತಾನೆ. ಆಗ ಮತ್ತೊಂದು ಬಸ್ಸು, ಮತ್ತೊಂದು ಅಚ್ಚು, ಈ ಸಲ ನವಿಲು. ನವಿಲಿನ ಮೇಲೆ ಬಾಳು! ಅಂಗಾಲಿನಲ್ಲಿ ಅದು ಹುಟ್ಟಿತು. ಮೊಣಕಾಲಿಗೆ ಬಂತು. ಮಲಕಾರಿ ಹಲ್ಲು ಕಚ್ಚಿದ, ಕೆಮ್ಮಿದ, ಸೀನಲು ನೋಡಿದ. ಕೆಮ್ಮು ಸೀನು ಸೆಲ್ಯೂಟು ಯಾವ ಬಾಗಿಲೂ ತೆರೆದಿರಲಿಲ್ಲ. ಅದು ಬಾಯಿಗೆ ಬಂದಾಗ ನಗುವಾಗಿರಲಿಲ್ಲ.

‘ಮಗ್ಗು,’ ಎಂದ.

‘ಏನ?’

‘ಚಾದ ಮಗ್ಗು ಬೇ. ಬಿಳೇದು. ಅದ ಇತ್ತು ಕೈಯಾಗ.’

ಅಣ್ಣಾಸಾಬ ಗೋಡೆಯಿಂದ ಬೆನ್ನು ತೆಗೆದ. ‘ಲೇ, ಇಲ್ಲೆ ಚ್ಯಾಷ್ಟಿ ಮಾಡಬ್ಯಾಡ. ಯುದ್ಧದಾಗ ಯಾವ ಶಾಣ್ಯಾ ಮಗ್ಗ ಹಿಡಕೊಂಡ ನಿಂದರತಾನ? ಮದಿವ್ಯಾಗ ಬೀಗರು ಜಗಲಿ ನೋಡಿದ್ರ ಏನ ಅಂದಾರು? ಇವರಣ್ಣ ಲಂಕಾದಾಗ ಕ್ಯಾಂಟೀನ್ ಇಟ್ಟಿದ್ದ ಅಂದಾರು.’

‘ನೀ ಸುಮ್ಮನಿರು,’ ಎಂದಳು ಸತ್ತೆವ್ವ. ಅವಳ ಮುಖದ ಮೇಲೆ ಬೆಳಕು ಬಂದಿತ್ತು. ಮಲಕಾರಿಗೆ ಅದನ್ನು ನೋಡಲು ಆಗಲಿಲ್ಲ. ‘ಮಗ್ಗು! ಹೌದು ನೋಡು, ಅದ ಇರಬೇಕು. ಅವಗ ಕತ್ತಿ, ಬಂದೂಕ ಎಲ್ಲಿ ಒಗ್ಗತಾವು? ಮುಂಜಾನೆದ್ದ ಕೂಡಲೆ ಚಾ ಇಲ್ಲಂದ್ರ ಕುರೀನೂ ಬಿಡ್ತಿದ್ದಿಲ್ಲ. ಚಾ ಕುಡದ ಹ್ವಾದನೇನೋ ನನ್ನ ಕೂಸು?’

ಇಲ್ಲಿಗೆ ನಿಲ್ಲಿಸಬಹುದಿತ್ತು. ಹೂಂ ಬೇ, ಕುಡದ ಹ್ವಾದ, ಬಿಸಿ ಬಿಸಿ, ಎರಡ ಸಲ ಹಾಕಿಸ್ಕೊಂಡ. ಮುದುಕಿ ಊರಿಗೆ ಹೋಗಿ ಜಗಲಿಯ ಮುಂದೆ ಕೂತು ಇಡೀ ಓಣಿಗೆ ಹೇಳುತ್ತಿದ್ದಳು. ಇಪ್ಪತ್ತೆರಡು ದನಿಗಳೂ ಒಟ್ಟಿಗೆ ಹೂಂ ಅನ್ನಲು ತಯಾರಾಗಿ ನಿಂತವು. ಎಳನೀರು ಮಾರುವ ತಮಿಳು ಮುದುಕಿ ಕೂಡ.

‘ಚಾ ಇದ್ದಿದ್ದಿಲ್ಲ ಬೇ. ಖಾಲಿ ಇತ್ತು.’

‘ಮತ್ತ ಯಾಕ ಎದ್ದಾ?’

‘ಚಾ ಬಂತು ಅಂತ ಕರದ್ರು.’

‘ಯಾರ ಕರದ್ರು?’

ಕುಂಪಟೆಯಲ್ಲಿ ಒಂದು ಕೆಂಡ ಚಟಕ್ ಎಂದಿತು. ಪತ್ತಾರ ಭೂತಗನ್ನಡಿ ತೆಗೆದು ಚಾಪೆಯ ಮೇಲಿಟ್ಟ. ಎಲ್ಲರೂ ತಮ್ಮ ತಮ್ಮ ಅಳತೆಗೆ ಬಂದರು.

‘ನಾ ಕರದೆ,’ ಎಂದ ಮಲಕಾರಿ. ‘ಸುಭೇದಾರನ ದನಿ ತಗದು ಕರದೆ. ತಲಿ ಎತ್ತಬ್ಯಾಡ್ರಿ ಅಂತ ಹುಕುಂ ಇತ್ತು. ಆಂವಾ ಕರದ್ರ ಅಷ್ಟ ಏಳೂದಿತ್ತು. ನಾ ಸುಮ್ಮನ... ನಗ್ಯಾಡಾಕ ಅಂತ... ಎದ್ದಾ ಬೇ. ಗುಂಡ ಬಂತು.’

‘ಏ...’ ಎಂದು ಅಣ್ಣಾಸಾಬ ಮುಂದೆ ಬಂದವನು ಕೈ ಏನು ಮಾಡಬೇಕೆಂದು ತಿಳಿಯದೆ ಟೊಪ್ಪಿಗೆ ತೆಗೆದು ಹಿಡಿದುಕೊಂಡ. ಸತ್ತೆವ್ವ ಅವನ ಕಡೆ ನೋಡಲಿಲ್ಲ.

‘ನೀ ಅಂತ ಅವಗ ತಿಳದಿತ್ತೇನು?’

‘ಗೊತ್ತಿಲ್ಲ ಬೇ. ಒಂಬತ್ತ ವರ್ಷ ಆತು, ಅದನ್ನ ಕೇಳ್ಕೋತ ತಿರಗತೇನಿ.’

‘ಹೆಂಗ ಕರದಿ?’

ಮಲಕಾರಿ ತಲೆ ತಗ್ಗಿಸಿದ.

‘ಬಸ್ಸಿನ್ಯಾಗ ಮಂಗ್ಯಾನ ಕುಣಿತಾ ಕುಣದೆಲ್ಲೋ ಆಗಳೆ. ಅದಕ್ಕ ನಾಚಿಕಿ ಬರಲಿಲ್ಲ. ಇದಕ್ಕ ಯಾಕ ಬರತೈತಿ? ಕರದ ತೋರಸು. ನನ್ನ ಮಗ ಕೇಳಿದ್ದನ್ನ ನಾ ಕೇಳಬಾರದ?’

ಅವನು ಗಂಟಲು ಸರಿಮಾಡಿಕೊಂಡ. ದನಿ ಅಲ್ಲಿ ಇರಲಿಕ್ಕಿಲ್ಲ, ತುಕ್ಕು ಹಿಡಿದು ಉದುರಿಹೋಗಿರಬೇಕು ಎಂದುಕೊಂಡ. ಎದೆ ಉಬ್ಬಿತು, ಗದ್ದ ಒಳಗೆ ಹೋಯಿತು, ಕತ್ತಿನ ನರ ತಮ್ಮ ಜಾಗ ಮರೆತಿರಲಿಲ್ಲ. ಹಂಡೆ ಉರುಳಿತು:

‘ಚಹಾ ಆಲಾ ರೇ ಪೋರಾನ್ನೋ! ಮಗ್ ಉಚಲಾ!’

ಓಣಿಯಲ್ಲಿ ಹೋಗುತ್ತಿದ್ದ ಸೈಕಲ್ಲೊಂದು ನಿಂತಿತು. ಎದುರಿನ ಕಟ್ಟೆಯ ಮೇಲೆ ಮಲಗಿದ್ದವನು ಎದ್ದು ಕೂತು ಸುತ್ತ ನೋಡಿದ. ಪತ್ತಾರನ ಕೈ ತನ್ನಷ್ಟಕ್ಕೆ ಪಕ್ಕದ ಬಟ್ಟಲಿಗೆ ಹೋಗಿತ್ತು. ಮತ್ತು ಸತ್ತೆವ್ವ, ಕೂರುವಾಗ ಎರಡೂ ಮಂಡಿ ಹಿಡಿದು ಉಸ್ಸೆಂದು ಕೂತಿದ್ದ ಸತ್ತೆವ್ವ, ಯಾವ ಮಂಡಿಯನ್ನೂ ಹಿಡಿಯದೆ ಎದ್ದು ನಿಂತಿದ್ದಳು. ಬಲಗೈ ಮುಂದೆ ಚಾಚಿತ್ತು. ನಾಲ್ಕು ಬೆರಳು ಇಲ್ಲದ ಹಿಡಿಕೆಯೊಳಗೆ ತೂರಿ ಮಡಚಿಕೊಂಡಿದ್ದವು, ಹೆಬ್ಬೆರಳು ಮೇಲಿತ್ತು.

ತಾನು ಎದ್ದದ್ದು ಅವಳಿಗೆ ತಿಳಿಯಲು ಒಂದು ಕ್ಷಣ ಹಿಡಿಯಿತು. ಕೈಯನ್ನು ನೋಡಿದಳು, ಯಾರದೋ ಎಂಬಂತೆ. ಅವಳಿಂದ ಸಣ್ಣ ನಗೆಯೊಂದು ಹೊರಬಂತು. ಅದನ್ನು ಅವಳು ಕರೆದಿರಲಿಲ್ಲ.

‘ಎಬ್ಬಸತೈತಿ ನೋಡೋ,’ ಎಂದಳು. ‘ನೀ ಅಂತ ಗೊತ್ತಿದ್ದೂ ಎದ್ನೆಲ್ಲೋ ನಾ.’

ಕೈ ಇಳಿಸಹೋದಳು. ‘ಹಾಂ ಹಾಂ, ಹಂಗ ಇರ್ರಿ!’ ಪತ್ತಾರ ಭೂತಗನ್ನಡಿ ಕಣ್ಣಿಗೆ ಒತ್ತಿಕೊಂಡು, ಪೆನ್ಸಿಲ್ಲು ಹುಡುಕಿ, ಬೆಳ್ಳಿಯ ತಗಡನ್ನು ಮೊಣಕಾಲ ಮೇಲೆ ಇಟ್ಟುಕೊಂಡಿದ್ದ. ‘ಅಲಗಾಡಬ್ಯಾಡ್ರಿ ಬೇ. ಬೆರಳ ಹಂಗ ಮಡಚಿರಲಿ. ಇಂಥಾ ಕೈ ನನ್ನ ಯಾವ ಅಚ್ಚಿನ್ಯಾಗೂ ಇಲ್ಲ.’

ಸತ್ತೆವ್ವ ಹಾಗೇ ನಿಂತಳು. ತಗಡಿನ ಮೇಲೆ ಪೆನ್ಸಿಲ್ಲು ಕಿರ್ ಕಿರ್ ಎಂದು ನಡೆಯಿತು. ಚಾಚಿದ ಕೈ ಸೋತು ಬಾಗತೊಡಗಿದಾಗ ಅಣ್ಣಾಸಾಬ ಬಂದು ಮೊಣಕೈಯ ಕೆಳಗೆ ತನ್ನ ಅಂಗೈ ಕೊಟ್ಟ. ಮಲಕಾರಿಯ ಕಾಲುಗಳಲ್ಲಿ ಈಗ ಏನೂ ಇರಲಿಲ್ಲ, ಅಂಗಾಲೂ ಖಾಲಿ, ಮೊಣಕಾಲೂ ಖಾಲಿ. ಚಾಪೆಯ ಅಂಚು ಒಂದು ಹೆಜ್ಜೆಯಷ್ಟೇ ದೂರವಿತ್ತು. ಅವನು ಕೂರಲು ಬಗ್ಗಿದ.

‘ನೀ ಕೂಡಬ್ಯಾಡ,’ ಎಂದಳು ಸತ್ತೆವ್ವ, ತನ್ನ ಕೈಯಿಂದ ಕಣ್ಣು ಕೀಳದೆ. ‘ನಾ ಕುಂತ ಮ್ಯಾಲ ಕೂಡು.’

ಅವನು ನಿಂತ.